ತಿಂಗಳ ಪುಸ್ತಕ ಪೆಟ್ಟಿಗೆ, ಅಮ್ಮನಿಗೂ ಮಗಳಿಗೂ: ಚಂದಾ ಕಟ್ಟುವ ಮೊದಲು ಏನೇನು ನೋಡಬೇಕು?

ಅಕ್ಷರಬುತ್ತಿ

ಮಗಳಿಗೆ ನಾಲ್ಕೂವರೆ ವರ್ಷ. ಅಕ್ಷರಮಾಲೆ ಗುರುತು ಹಿಡಿಯುತ್ತಾಳೆ, ಕಾಗುಣಿತ ಅರೆಬರೆ. ಮನೆಮಾತು ಕನ್ನಡ, ಶಾಲೆ ಇಂಗ್ಲಿಷ್. ತಿಂಗಳಿಗೊಮ್ಮೆ ಮನೆಗೆ ಬರುವ ಪುಸ್ತಕ ಪೆಟ್ಟಿಗೆ ತರಿಸುವ ಯೋಚನೆ. ಅದರಲ್ಲಿ ಅವಳಿಗೆ ಮೂರ್ನಾಲ್ಕು ಪುಸ್ತಕ, ದೊಡ್ಡವರಿಗೆ ಒಂದು ಇರಬೇಕು. ತಿಂಗಳಿಗೆ ₹800ರಿಂದ ₹1,000 ತನಕ ಖರ್ಚು ಮಾಡಬಹುದು. ಕನ್ನಡವೇ ಮುಖ್ಯ, ಜೊತೆಗೆ ಇಂಗ್ಲಿಷ್ ಒಂದಿದ್ದರೆ ಬೇಸರವಿಲ್ಲ.

ಮಾರುವವರೇ ಪುಸ್ತಕ ಆರಿಸಿ ಕಳಿಸುವ ಸಿದ್ಧ ಪೆಟ್ಟಿಗೆಗೆ ಚಂದಾ ಕಟ್ಟುವುದು ಒಳ್ಳೆಯದೋ, ನಾವೇ ಆರಿಸಿ ತರಿಸುವುದೋ? ಸಿದ್ಧ ಪೆಟ್ಟಿಗೆಯಾದರೆ ಮಾರುವವರನ್ನು ಏನು ಕೇಳಬೇಕು? ಪ್ರತಿ ಕಡೆ "4–6 ವರ್ಷ" ಅಂತ ಬರೆದಿರುತ್ತಾರೆ, ಅದನ್ನು ಎಷ್ಟು ನಂಬಬಹುದು?

ಕಪ್ಪುಹಲಗೆ

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಮಿಕ್ಕ ಎರಡಕ್ಕೂ ಉತ್ತರ ಅದರಲ್ಲೇ ಇದೆ.

"4–6 ವರ್ಷ" ಅನ್ನುವುದು ಕಥೆಯ ವಿಷಯಕ್ಕೆ ಹಾಕಿದ ಅಳತೆ, ಅಕ್ಷರಕ್ಕೆ ಹಾಕಿದ್ದಲ್ಲ. ಕನ್ನಡದಲ್ಲಿ ಮಗು ತೊಡರುವುದು ಉದ್ದ ಪದಕ್ಕಿಂತ ಹೆಚ್ಚಾಗಿ ಒತ್ತಕ್ಷರದ ಹತ್ತಿರ. "ಮರ, ಆನೆ, ಹಾವು" ಒಂದು ಮೆಟ್ಟಿಲು. "ಅಮ್ಮ, ಬೆಕ್ಕು, ಹಣ್ಣು" ಥರದ ಸಜಾತೀಯ ಒತ್ತು ಎರಡನೆಯದು. "ಪುಸ್ತಕ, ಚಂದ್ರ, ರಸ್ತೆ" ಥರ ಬೇರೆ ಅಕ್ಷರದ ಒತ್ತು, ಅಂದರೆ ವಿಜಾತೀಯ ಒತ್ತು, ಮೂರನೆಯದು. "ಸೂರ್ಯ, ವರ್ಷ" ಅಂತ ಅರ್ಕಾವತ್ತು ಬಂದಾಗ ಓದುವ ಕ್ರಮ ಮತ್ತು ಬರೆದ ಕ್ರಮ ಅದಲುಬದಲಾಗುತ್ತದೆ. ಮಗು ಅಲ್ಲಿ ನಿಂತುಬಿಡುವುದು ಸಹಜ. ನಾಲ್ಕು ವರ್ಷದವರಿಗೆ ಅಂತ ಬಂದ ಚಿತ್ರಪುಸ್ತಕದ ಮೊದಲ ವಾಕ್ಯದಲ್ಲೇ "ಆಶ್ಚರ್ಯ", "ಇದ್ದಕ್ಕಿದ್ದಂತೆ" ಇರುವುದುಂಟು.

ಹಾಗಂತ ಅಂಥ ಪುಸ್ತಕ ಬೇಡ ಅಂತಲ್ಲ. ಪೆಟ್ಟಿಗೆಯಲ್ಲಿ ಎರಡು ಜಾತಿಯ ಪುಸ್ತಕ ಇರಬೇಕು. ಒಂದು ನೀವು ಓದಿ ಹೇಳುವುದು. ಇದು ಮಗುವಿನ ಮಟ್ಟಕ್ಕಿಂತ ಮೇಲಿದ್ದರೂ ಸರಿ, ಇರಲೂಬೇಕು. ಇನ್ನೊಂದು ಅವಳೇ ಬೆರಳಿಟ್ಟು ಓದುವುದು. ಪುಟಕ್ಕೆ ಒಂದೆರಡು ಸಾಲು, ದಪ್ಪಕ್ಷರ, ವಿಜಾತೀಯ ಒತ್ತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹೆಚ್ಚಿನ ಸಿದ್ಧ ಪೆಟ್ಟಿಗೆಗಳು ಈ ಎರಡನ್ನೂ ವಯಸ್ಸಿನ ಚೀಟಿ ಅಂಟಿಸಿ ಒಂದೇ ರಾಶಿಗೆ ಹಾಕುತ್ತವೆ. ಮಗು ತಾನೇ ಓದಲು ಹೋಗಿ ಎರಡನೇ ಸಾಲಿಗೆ ಬಿಟ್ಟರೆ, "ಇವಳಿಗೆ ಓದಿನಲ್ಲಿ ಆಸಕ್ತಿಯಿಲ್ಲ" ಅಂತ ಮನೆಯವರು ತೀರ್ಮಾನಿಸುತ್ತಾರೆ.

ಪರೀಕ್ಷೆ ಸುಲಭ. ಪುಸ್ತಕದ ನಡುವಿನ ಎದುರುಬದುರು ಎರಡು ಪುಟ ತೆಗೆದು ವಿಜಾತೀಯ ಒತ್ತು, ಅರ್ಕಾವತ್ತು ಎಣಿಸಿ. ಮೂರ್ನಾಲ್ಕಕ್ಕಿಂತ ಹೆಚ್ಚಿದ್ದರೆ ಅದು ನಿಮ್ಮ ಓದಿಗೆ. ಆನ್‌ಲೈನಿನಲ್ಲಿ ಮಾರುವವರು ಒಳಪುಟದ ಚಿತ್ರ ಹಾಕಿರದಿದ್ದರೆ ಕೇಳಿ ತರಿಸಿಕೊಳ್ಳಿ.

ಇನ್ನೊಂದು ಮಾತು. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು ಪುಸ್ತಕದ ಮೇಲೆ ನಾಲ್ಕು ಹಂತ ನಮೂದಿಸುತ್ತಾರೆ. ಸುಮಾರು 250 ಪದದ ತನಕ ಮೊದಲ ಹಂತ, 600ರ ತನಕ ಎರಡನೆಯದು, 1,500ರ ತನಕ ಮೂರನೆಯದು, ಅದಕ್ಕೂ ಮೇಲೆ ನಾಲ್ಕು. ವಯಸ್ಸಿಗಿಂತ ಈ ಹಂತ ಹೆಚ್ಚು ನಂಬಿಕೆಗೆ ಅರ್ಹ. ಆದರೆ ಅದೂ ಪದ ಮತ್ತು ವಾಕ್ಯದ ಲೆಕ್ಕ. ಮೊದಲ ಹಂತದ ಪುಸ್ತಕದಲ್ಲೂ ಒತ್ತಕ್ಷರ ಎಣಿಸಿಯೇ ತೆಗೆದುಕೊಳ್ಳಿ.

ರಟ್ಟಿನ ಡಬ್ಬಿ

ಮೇಷ್ಟ್ರು ಹೇಳಿದ್ದು ಒಳಗಿನ ಮಾತು. ನಾನು ಹೊರಗಿನ ಲೆಕ್ಕ ಹೇಳುತ್ತೇನೆ.

₹999ರ ಪೆಟ್ಟಿಗೆ ಅಂದುಕೊಳ್ಳಿ. ಒಳಗೆ ₹60ರ ಎರಡು ಮಕ್ಕಳ ಪುಸ್ತಕ, ₹175ರ ದ್ವಿಭಾಷಾ ಚಿತ್ರಪುಸ್ತಕ ಒಂದು, ದೊಡ್ಡವರ ಪುಸ್ತಕ ₹250. ಒಟ್ಟು ಮುಖಬೆಲೆ ₹545. ಕೊರಿಯರ್, ರಟ್ಟು, ಬಣ್ಣದ ಕಾಗದ, ಬುಕ್‌ಮಾರ್ಕ್, ಸ್ಟಿಕರ್ ಸೇರಿ ₹150 ಹಿಡಿಯಿರಿ. ಮಿಕ್ಕ ₹300 ಹೋಗುವುದು "ಆಯ್ಕೆ"ಗೆ ಮತ್ತು ಅವರ ಲಾಭಕ್ಕೆ. ಆಯ್ಕೆ ನಿಜಕ್ಕೂ ಚೆನ್ನಾಗಿದ್ದರೆ ಅದು ನ್ಯಾಯವಾದ ದುಡ್ಡು. ಪ್ರಕಾಶಕರ ಗೋದಾಮಿನಲ್ಲಿ ಉಳಿದ ಪ್ರತಿಗಳನ್ನು ರಿಬ್ಬನ್ ಕಟ್ಟಿ ಕಳಿಸುತ್ತಿದ್ದರೆ ಅಲ್ಲ.

ಎರಡನ್ನೂ ಬೇರೆ ಮಾಡುವುದು ಒಂದೇ ಪ್ರಶ್ನೆ: "ಹಿಂದಿನ ಆರು ತಿಂಗಳ ಪುಸ್ತಕಪಟ್ಟಿ ಕಳಿಸಿ." ಮುಂದಿನ ತಿಂಗಳದ್ದು ಗುಟ್ಟಾಗಿರಲಿ, ಹಿಂದಿನದು ಗುಟ್ಟಾಗಿರಬೇಕಾದ ಕಾರಣವೇ ಇಲ್ಲ. ಪಟ್ಟಿ ಬಂದ ಮೇಲೆ ಪ್ರಕಾಶಕರ ಹೆಸರು ನೋಡಿ. ಆರು ತಿಂಗಳೂ ಒಂದೇ ಇಬ್ಬರು ಪ್ರಕಾಶಕರಿದ್ದರೆ ಅಲ್ಲಿ ಆಯ್ಕೆ ನಡೆದಿಲ್ಲ, ಸಗಟು ಖರೀದಿ ನಡೆದಿದೆ. ಮೊದಲ ಮುದ್ರಣದ ವರ್ಷವನ್ನೂ ನೋಡಿ. ಹಳೆಯದಾದರೆ ತಪ್ಪಿಲ್ಲ, ಎಲ್ಲವೂ ಹಳೆಯದಾದರೆ ಅನುಮಾನ.

ಕೇಳಬೇಕಾದ ಇನ್ನೆರಡು. ಮನೆಯಲ್ಲಿ ಈಗಾಗಲೇ ಇರುವ ಪುಸ್ತಕ ಬಂದರೆ ಬದಲಿಸಿಕೊಡುತ್ತಾರಾ, ವಾಪಸ್ ಕಳಿಸುವ ಖರ್ಚು ಯಾರದು? ಒಂದು ತಿಂಗಳು ಬೇಡವೆಂದರೆ ಬಿಡುವ ಸೌಲಭ್ಯ ಇದೆಯಾ, ಎಷ್ಟನೇ ತಾರೀಖಿನೊಳಗೆ ಹೇಳಬೇಕು? ಉತ್ತರ ಬರೆದು ಕೊಡಲಿ, ಫೋನಿನಲ್ಲಿ ಬೇಡ.

ಪೇಡೆ ಪ್ಯಾಟಿ

ದೊಡ್ಡವರ ಪುಸ್ತಕದ ಸುದ್ದಿ ಯಾರೂ ಎತ್ತಲಿಲ್ಲಲ್ರೀ.

ಚಂದಾ ಕಟ್ಟಿ ಪುಸ್ತಕ ತರಿಸೋದು ಹೊಸಾದೇನಲ್ಲ. ಧಾರವಾಡದ ಮನೋಹರ ಗ್ರಂಥಮಾಲಾ 1933ರಾಗ ಶುರು ಆಗಿದ್ದು. ಚಂದಾದಾರರಾದ್ರ ವರ್ಷಕ್ಕಿಷ್ಟು ಪುಸ್ತಕ ಮನೀಗೆ ಬರ್ತಿದ್ವು. ಆ ಲೆಕ್ಕ ಈಗಿನ ಪೆಟ್ಟಿಗೀಗಿಂತ ಚೊಲೋ ಇತ್ತು ಅಂತೀನಿ. ವರ್ಷದ ಚಂದಾ ಅಂದ್ರ ಓದ್ಲಿಕ್ಕೆ ವ್ಯಾಳ್ಯಾ ಸಿಗ್ತದ. ತಿಂಗಳಿಗೊಂದು ಮುನ್ನೂರು ಪುಟದ ಕಾದಂಬರಿ ಬಂದ್ರ, ಸಣ್ಣ ಕೂಸಿರೋ ಮನ್ಯಾಗ ಅದು ಹಾಸಿಗಿ ಬಾಜೂಕ ಕುಂಡರತದ ಅಷ್ಟ.

ಹಂಗಾಗಿ ದೊಡ್ಡವರಿಗೆ ಸಣ್ಣಕತಿ, ಪ್ರಬಂಧ, ಪತ್ರ, ಪ್ರವಾಸ ಇಂಥಾವ ಆರಸ್ರಿ. ಒಂದು ಕೂಡ್ರಾಣಕ್ಕ ಹತ್ತು-ಹದಿನೈದು ಪುಟದಾಗ ಮುಗಿಯೋ ಹಂಗಿರಬೇಕು. ಎರಡು ತಿಂಗಳಿಗೆ ಒಂದು ಸಾಕು. ಉಳಿದ ರೊಕ್ಕ ಕೂಸಿನ ಪುಸ್ತಕಕ್ಕ ಹಾಕ್ರಿ.

"ಅಮ್ಮ-ಮಗು ಒಂದೇ ವಿಷಯ" ಅಂತ ಜೋಡಿ ಮಾಡಿ ಮಾರ್ತಾರ: ಕೂಸಿಗೆ ಆನೆ ಚಿತ್ರ, ಅಮ್ಮಗ ಕಾಡಿನ ಕಾದಂಬರಿ. ಫೋಟೋದಾಗ ಚಂದ ಕಾಣ್ತದ. ಓದ್ಲಿಕ್ಕೆ ಅದರಿಂದ ಏನೂ ಉಪಯೋಗಿಲ್ಲ. ನಿಮಗ ಬೇಕಾದ್ದು ನೀವು ಓದ್ರಿ.

ಅಕ್ಷರಬುತ್ತಿ

ಎರಡು ತಿಂಗಳಿಗೊಂದು ಅನ್ನುವುದು ಒಪ್ಪಿಗೆಯಾಯಿತು. ಮಗುವಿಗೆ ತಿಂಗಳಿಗೆ ನಾಲ್ಕು ಜಾಸ್ತಿಯಾ? ಕೆಲವು ಪೆಟ್ಟಿಗೆಯಲ್ಲಿ ಎಂಟು ಕೊಡುತ್ತಾರೆ. ಜೊತೆಗೆ ಒಗಟಿನ ತುಣುಕು, ಸಣ್ಣ ಆಟಿಕೆ ಕೂಡ ಇರುತ್ತದೆ.

ಕಪ್ಪುಹಲಗೆ

ಎಂಟು ಬೇಡ. ಈ ವಯಸ್ಸಿನವರು ಒಂದೇ ಪುಸ್ತಕವನ್ನು ಹತ್ತು ಸಲ ಓದಿಸುತ್ತಾರೆ, ಕಲಿಕೆ ಆಗುವುದೂ ಆ ಪುನರಾವರ್ತನೆಯಲ್ಲೇ. ಎಂಟು ಒಟ್ಟಿಗೆ ಕೈಗೆ ಸಿಕ್ಕರೆ ಎಲ್ಲದರ ಚಿತ್ರ ಅರ್ಧ ಗಂಟೆಯಲ್ಲಿ ನೋಡಿ ಮುಗಿಸಿ, "ಬೇರೆ ಕೊಡು" ಅನ್ನುತ್ತಾರೆ.

ಪೆಟ್ಟಿಗೆ ಬಂದ ದಿನ ಒಂದೇ ಪುಸ್ತಕ ಹೊರಗೆ ತೆಗೆಯಿರಿ. ಮಿಕ್ಕಿದ್ದು ಅಟ್ಟದ ಮೇಲೆ. ವಾರಕ್ಕೊಂದು ಇಳಿಸಿ. ಹೊಸದು ಬಂದಾಗ ಹಳೆಯದನ್ನು ತೆಗೆದಿಡಬೇಡಿ, ಕೈಗೆ ಸಿಗುವ ಕಡೆ ಮುಖಪುಟ ಕಾಣುವ ಹಾಗೆ ಆರೇಳು ನಿಲ್ಲಿಸಿ. ಬೆನ್ನು ಮಾತ್ರ ಕಾಣುವಂತೆ ಜೋಡಿಸಿದರೆ ಓದಲು ಬಾರದ ಮಗು ಯಾವುದನ್ನೂ ಗುರುತಿಸಲಾರದು.

ಓದಿಸುವ ಕ್ರಮದ ಬಗ್ಗೆಯೂ ಎರಡು ಮಾತು. 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತವರ ಸಂಗಡಿಗರು ಮಗುವಿನ ಜೊತೆ ಮಾತಾಡುತ್ತಾ ಓದುವ ವಿಧಾನವನ್ನು ಪರೀಕ್ಷಿಸಿ ಪ್ರಕಟಿಸಿದರು. ಕ್ರಮ ನಾಲ್ಕು ಹೆಜ್ಜೆಯದು: ಕೇಳು, ಉತ್ತರ ಗಮನಿಸು, ಸ್ವಲ್ಪ ಬೆಳೆಸು, ಮಗುವಿನಿಂದ ಹೇಳಿಸು. ಪುಟದಲ್ಲಿ ಬೆಕ್ಕು ಅಡಗಿದೆ ಅಂದುಕೊಳ್ಳಿ. "ಬೆಕ್ಕು ಎಲ್ಲಿದೆ?" ಅಂತ ನೀವು. "ಮಂಚ" ಅಂತ ಅವಳು. "ಹೌದು, ಮಂಚದ ಕೆಳಗೆ ಮುದುರಿಕೊಂಡಿದೆ" ಅಂತ ನೀವು. "ಎಲ್ಲಿದೆ ಹೇಳು ನೋಡೋಣ?" "ಮಂಚದ ಕೆಳಗೆ." ಅಷ್ಟೇ, ಮುಂದಿನ ಪುಟ. ಪ್ರತಿ ಪುಟಕ್ಕೂ ಹೀಗೆ ಮಾಡಿದರೆ ಕಥೆ ಸತ್ತೇ ಹೋಗುತ್ತದೆ. ಮೊದಲ ಸಲ ಸುಮ್ಮನೆ ಓದಿ ಮುಗಿಸಿ. ಎರಡು-ಮೂರನೇ ಸಲಕ್ಕೆ ಇಡೀ ಪುಸ್ತಕದಲ್ಲಿ ನಾಲ್ಕೈದು ಕಡೆ ಸಾಕು.

ಪೆಟ್ಟಿಗೆಯ ಜೊತೆ ಬರುವ "ಪೋಷಕರ ಪ್ರಶ್ನೆಪತ್ರ"ದಲ್ಲಿ "ಈ ಕಥೆಯ ನೀತಿ ಏನು?" ಅಂತ ಇದ್ದರೆ ಆ ಹಾಳೆಯನ್ನು ಹಿಂಬದಿಯಲ್ಲಿ ಚಿತ್ರ ಬರೆಯಲು ಕೊಡಿ.

ರಟ್ಟಿನ ಡಬ್ಬಿ

ಆಟಿಕೆ ಇದ್ದರೆ ಐಎಸ್‌ಐ ಗುರುತು ನೋಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಇದು ಕಡ್ಡಾಯ. ಪೆಟ್ಟಿಗೆಯೊಳಗಿನ ಬಿಡಿ ಸಾಮಾನಿಗೆ ಗುರುತು ಹಾಕದೆ "ಉಚಿತ ಉಡುಗೊರೆ" ಅಂತ ಕಳಿಸುತ್ತಾರೆ. ಉಚಿತವಾದರೂ ಅದು ಆಟಿಕೆಯೇ.

ಮನೆಯಲ್ಲಿ ಮೂರು ವರ್ಷದೊಳಗಿನ ಇನ್ನೊಂದು ಮಗು ಇದ್ದರೆ ಸಣ್ಣ ತುಣುಕಿನ ಬಗ್ಗೆ ಇನ್ನೂ ಎಚ್ಚರ. ಪರೀಕ್ಷೆಗೆ ಬಳಸುವ ಕೊಳವೆಯ ವ್ಯಾಸ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಇಳಿಯುವ ತುಣುಕು ಗಂಟಲಿಗೆ ಸಿಕ್ಕುವಂಥದ್ದು ಅಂತ ಲೆಕ್ಕ. ಟಿಶ್ಯೂ ರೋಲಿನ ಒಳಗಿನ ಕೊಳವೆ ಇದಕ್ಕಿಂತ ತುಸು ಅಗಲ, ಅದರಲ್ಲಿ ಜಾರಿ ಬೀಳುವುದನ್ನೆಲ್ಲ ದೂರ ಇಟ್ಟರೆ ನಿಶ್ಚಿಂತೆ.

ಗುಂಡಿ ಒತ್ತಿದರೆ ಸದ್ದು ಮಾಡುವ ಪುಸ್ತಕಗಳಿವೆಯಲ್ಲ, ಅವುಗಳಲ್ಲಿ ಇರುವುದು ಬಟನ್ ಸೆಲ್, ಅಂದರೆ ಗುಂಡಿಯಾಕಾರದ ಸಣ್ಣ ಬ್ಯಾಟರಿ. ಮುಚ್ಚಳಕ್ಕೆ ಸ್ಕ್ರೂ ಇದೆಯೇ, ಬಿಗಿಯಾಗಿದೆಯೇ ನೋಡಿ. ಬರೀ ಕೊಕ್ಕೆಯ ಮುಚ್ಚಳವಾದರೆ ಮಗುವಿಗೆ ಕೊಡಲೇಬೇಡಿ. ನುಂಗಿದ ಬಟನ್ ಸೆಲ್ ಅನ್ನನಾಳವನ್ನು ಎರಡೇ ಗಂಟೆಯಲ್ಲಿ ಸುಡಬಲ್ಲದು. "ತಾನೇ ಹೊರಗೆ ಹೋಗುತ್ತದೆ" ಅಂತ ಕಾಯುವ ವಸ್ತುವಲ್ಲ ಅದು, ನೇರ ಆಸ್ಪತ್ರೆಗೆ.

ಕಡಲತಡಿ

ಉಡುಪಿ, ಮಂಗಳೂರು ಕಡೆಯವರಿಗೆ ಮಳೆಗಾಲದ ಮಾತು ಬೇಕೇ ಬೇಕು ಮಾರಾಯ್ರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬರುವ ಪೆಟ್ಟಿಗೆಗೆ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನೊಳಗೆ ಸೀಲ್ ಮಾಡಿ ಹಾಕಲು ಮೊದಲೇ ಹೇಳಿ. ರಟ್ಟಿನ ಮೇಲೆ ಪ್ಲಾಸ್ಟಿಕ್ ಸುತ್ತಿದರೆ ಸಾಲದು, ಟೇಪಿನ ಸಂದಿನಿಂದ ನೀರು ಇಳಿಯುತ್ತದೆ.

ಒದ್ದೆಯಾಗಿಯೇ ಬಂದರೆ ಮೊದಲು ಫೋಟೋ, ಕೊರಿಯರ್ ಚೀಟಿ ಸಮೇತ. ಆಮೇಲೆ ತಡ ಮಾಡಬೇಡಿ. ಮಕ್ಕಳ ಚಿತ್ರಪುಸ್ತಕ ಹೆಚ್ಚಾಗಿ ನುಣುಪು ಆರ್ಟ್ ಪೇಪರಿನದ್ದು. ಆ ನುಣುಪು ಅಂದರೆ ಕಾಗದದ ಮೇಲಿನ ಲೇಪ. ಅದು ನೆನೆದು ಪುಟಕ್ಕೆ ಪುಟ ಅಂಟಿ ಹಾಗೆಯೇ ಒಣಗಿತೋ, ಮತ್ತೆ ಬಿಡಿಸಲು ಆಗುವುದಿಲ್ಲ, ಚಿತ್ರವೇ ಕಿತ್ತು ಬರುತ್ತದೆ. ಒದ್ದೆಯಿರುವಾಗಲೇ ಪುಟಗಳನ್ನು ಮೆತ್ತಗೆ ಬಿಡಿಸಿ, ನಡುನಡುವೆ ಬಿಳಿ ಕಾಗದ ಇಟ್ಟು, ಪುಸ್ತಕವನ್ನು ಬೀಸಣಿಗೆಯ ಹಾಗೆ ಅರಳಿಸಿ ನಿಲ್ಲಿಸಿ ಫ್ಯಾನ್ ಹಾಕಿ. ಕಾಗದ ಆಗಾಗ ಬದಲಿಸುತ್ತಿರಿ. ನ್ಯೂಸ್‌ಪೇಪರ್ ಬೇಡ, ಶಾಯಿ ಹತ್ತುತ್ತದೆ. ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತದೆ. ಆಗಲೇ ಕೂತು ಮಾಡಲು ಪುರುಸೊತ್ತಿಲ್ಲ ಅಂದರೆ ಜಿಪ್ ಕವರಿಗೆ ಹಾಕಿ ಫ್ರೀಜರಿನಲ್ಲಿಡಿ, ಅಂಟುವುದೂ ಬೂಷ್ಟು ಹಿಡಿಯುವುದೂ ಅಲ್ಲಿಗೆ ನಿಲ್ಲುತ್ತದೆ. ಪುರುಸೊತ್ತಾದಾಗ ತೆಗೆದು ಬಿಡಿಸಬಹುದು.

ಎರಡನೇ ಅಡ್ಡರಸ್ತೆ

ನಮ್ಮ ಬೀದಿಯ ಆರು ಮನೆ ಸೇರಿ ನಾವೇ ಪೆಟ್ಟಿಗೆ ಮಾಡಿಕೊಳ್ಳುವ ಯೋಚನೆ. ಪುಸ್ತಕ ಒಟ್ಟಿಗೆ ಕೊಂಡು, ಮುಗಿದ ಮೇಲೆ ಮನೆಯಿಂದ ಮನೆಗೆ ದಾಟಿಸುವುದು. ಜೊತೆ ಸೇರುವ ಇನ್ನಿಬ್ಬರು ಬೇರೆ ಊರಿನಲ್ಲಿದ್ದಾರೆ, ಅವರಿಗೆ ಕಳಿಸಲು ಕೊರಿಯರಿನವರು ಹೇಳುವ ದರ ಪುಸ್ತಕಕ್ಕಿಂತ ಜಾಸ್ತಿ. ಏನು ದಾರಿ?

ರಟ್ಟಿನ ಡಬ್ಬಿ

ಕೊರಿಯರಿನವರು ತೂಕ, ಗಾತ್ರ ಎರಡನ್ನೂ ನೋಡಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. 32×24×8ರ ಡಬ್ಬಿ ಅಂದರೆ 6,144, ಭಾಗಿಸಿದರೆ 1.23 ಕಿಲೋ. ಒಳಗಿನ ಪುಸ್ತಕ 900 ಗ್ರಾಂ ಇದ್ದರೂ, ಅರ್ಧ ಕಿಲೋ ಲೆಕ್ಕದಲ್ಲಿ ಮೇಲಕ್ಕೆ ಏರಿಸಿ, ನೀವು ಕಟ್ಟುವುದು ಒಂದೂವರೆ ಕಿಲೋಗೆ. ಅದೇ ಪುಸ್ತಕ 28×22×5ರ ಡಬ್ಬಿಯಲ್ಲಿ ಕೂತರೆ 3,080, ಅಂದರೆ 0.62. ಆಗ ನಿಜತೂಕವೇ ಲೆಕ್ಕಕ್ಕೆ, ಒಂದು ಕಿಲೋ. ಸಿದ್ಧ ಪೆಟ್ಟಿಗೆಯವರ ದೊಡ್ಡ ಅಲಂಕಾರದ ಡಬ್ಬಿಗೆ ತೆರುವ ಗಾಳಿಯ ಬಾಡಿಗೆ ಕೊನೆಗೆ ನಿಮ್ಮ ಚಂದಾದಿಂದಲೇ ಹೋಗುವುದು.

ಬರೀ ಪುಸ್ತಕವಾದರೆ ಅಂಚೆ ಕಚೇರಿಗೆ ಹೋಗಿ. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಪುಸ್ತಕಕ್ಕೇ ಬೇರೆ ಸೇವೆ ಬಂದಿದೆ. 300 ಗ್ರಾಂ ತನಕ ₹20, 5 ಕಿಲೋಗೆ ₹100, ಮೇಲೆ ತೆರಿಗೆ. ಟ್ರ್ಯಾಕಿಂಗ್ ಇದೆ. ರಸ್ತೆ-ರೈಲಿನಲ್ಲಿ ಹೋಗುವುದರಿಂದ ನಿಧಾನ, ಆದರೆ ಪುಸ್ತಕಕ್ಕೆ ಅವಸರವೇನು? ಷರತ್ತು ಗಮನಿಸಿ: ಮುದ್ರಿತ ಪುಸ್ತಕ ಮಾತ್ರ. ನಿಯತಕಾಲಿಕೆ ಸೇರುವುದಿಲ್ಲ, ಜಾಹೀರಾತಿನ ಸರಕೂ ಇಲ್ಲ, ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು. ಜೊತೆಗೆ ಬಣ್ಣದ ಕಡ್ಡಿಯೋ ಆಟಿಕೆಯೋ ಇಟ್ಟರೆ ಇದರಲ್ಲಿ ಹೋಗದು, ಮಾಮೂಲಿ ಪಾರ್ಸೆಲ್ಲೇ ಗತಿ. ಅದಕ್ಕೇ ಆಟಿಕೆ ಬೇಡ ಅನ್ನುವುದು.

ಕಟ್ಟುವ ಬಗೆ: ಹಗುರವಾದ ಕಟ್ಟಿಗೆ ಮೂರು ಪದರದ ರಟ್ಟು ಸಾಕು, ಭಾರ ಹೆಚ್ಚಾದರೆ ಐದು ಪದರ. ಪುಸ್ತಕದ ಮೂಲೆ ಜಜ್ಜುವುದು ಭಾರದಿಂದಲ್ಲ, ಒಳಗೆ ಅಲ್ಲಾಡುವುದರಿಂದ. ದೊಡ್ಡದು ಕೆಳಗೆ, ಚಿಕ್ಕದು ಮೇಲೆ, ಬೆನ್ನು ಅದಲುಬದಲು ಇಟ್ಟು ಕಾಗದದಲ್ಲಿ ಒಂದೇ ಕಟ್ಟಾಗಿ ಬಿಗಿಯಿರಿ. ನಾಲ್ಕೂ ಮೂಲೆಗೆ ಮಡಿಸಿದ ರಟ್ಟಿನ ತುಂಡು ಕೂರಿಸಿ. ಡಬ್ಬಿ ಅಲ್ಲಾಡಿಸಿದಾಗ ಸದ್ದು ಬಂದರೆ ಬಿಚ್ಚಿ ಮತ್ತೆ ಕಟ್ಟಿ.

ಮುಂದೆ ಇದನ್ನೇ ವ್ಯಾಪಾರ ಮಾಡುವ ಯೋಚನೆ ಇದ್ದರೆ ತೆರಿಗೆಯ ಮಾತು ನೆನಪಿರಲಿ. ಮುದ್ರಿತ ಪುಸ್ತಕಕ್ಕೆ, ಮಕ್ಕಳ ಚಿತ್ರಪುಸ್ತಕಕ್ಕೂ ಜಿಎಸ್‌ಟಿ ಇಲ್ಲ. ಆದರೆ ತೆರಿಗೆಯಿರುವ ಸಾಮಾನನ್ನು ಪುಸ್ತಕದ ಜೊತೆ ಸೇರಿಸಿ ಒಂದೇ ಬೆಲೆಗೆ ಮಾರಿದರೆ ಅದು ಮಿಶ್ರ ಪೂರೈಕೆ ಅನ್ನಿಸಿಕೊಂಡು, ಒಳಗಿನ ಅತಿ ಹೆಚ್ಚಿನ ದರ ಇಡೀ ಪೆಟ್ಟಿಗೆಗೆ ಬೀಳಬಹುದು. ಬಿಲ್ಲಿನಲ್ಲಿ ಎರಡಕ್ಕೂ ಬೇರೆ ಬೇರೆ ಬೆಲೆ ಹಾಕುವುದು ಹೇಗೆಂದು ಲೆಕ್ಕಿಗರನ್ನು ಮೊದಲೇ ಕೇಳಿಕೊಳ್ಳಿ.

ಅಚ್ಚುಮನೆ

ಆರು ಮನೆಯವರಿಗೆ ಇನ್ನೂ ಅಗ್ಗದ ದಾರಿ ಇದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣ 2015ರಿಂದ ಇದೆ. ಕನ್ನಡದ ಕಥೆಗಳು ಹಂತವಾರು ಸಿಗುತ್ತವೆ, ಪಿಡಿಎಫ್ ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದರಿಂದ ಹಂಚಲೂ ಅಡ್ಡಿಯಿಲ್ಲ. ಕೊನೆಯಲ್ಲಿ ಲೇಖಕರು, ಚಿತ್ರಕಾರರು, ಅನುವಾದಕರ ಹೆಸರಿರುವ ಪುಟ ಬರುತ್ತದೆ, ಅದನ್ನು ಬಿಡಬೇಡಿ. ಹಂಚಲು ಅದೇ ಷರತ್ತು.

ಮುದ್ರಿಸುವಾಗ ಎಲ್ಲರೂ ಸಿಕ್ಕಿಬೀಳುವ ಜಾಗ ಒಂದಿದೆ. ಹೆಚ್ಚಿನ ಕಥೆಗಳ ಪುಟ ಅಡ್ಡಕ್ಕೆ ಇರುತ್ತದೆ. ಪ್ರಿಂಟರಿನಲ್ಲಿ "ಬುಕ್‌ಲೆಟ್" ಅಂತ ಕೊಟ್ಟು ಎ4 ಹಾಳೆ ನಡುವೆ ಮಡಿಸಿದರೆ ಸಿಗುವುದು ಉದ್ದಕ್ಕೆ ನಿಂತ ಪುಟ. ಅದರಲ್ಲಿ ಅಡ್ಡ ಚಿತ್ರ ಕುಗ್ಗಿ, ಮೇಲೆ ಕೆಳಗೆ ಖಾಲಿ ಜಾಗ, ಅಕ್ಷರ ಇರುವೆಯಷ್ಟು.

ಹೀಗೆ ಮಾಡಿ. ಪುಟಸಂಖ್ಯೆ ಕೇಳುವಲ್ಲಿ 1,1,2,2,3,3 ಅಂತ ಪ್ರತಿ ಪುಟವನ್ನೂ ಎರಡು ಸಲ ಬರೆಯಿರಿ. ಒಂದು ಹಾಳೆಗೆ ಎರಡು ಪುಟ, ಹಾಳೆ ನಿಂತ ದಿಕ್ಕಿನಲ್ಲಿ, ಎರಡೂ ಬದಿ ಮುದ್ರಣ, ಉದ್ದ ಅಂಚಿನ ಮೇಲೆ ಮಗುಚುವ ಆಯ್ಕೆ. ಆಗ ಒಂದೇ ಪುಟ ಮೇಲೊಂದು ಕೆಳಗೊಂದು ಬರುತ್ತದೆ, ಹಿಂದೆ ಮುಂದಿನ ಪುಟ. ಕಟ್ಟನ್ನು ನಡುವೆ ಅಡ್ಡಡ್ಡ ಕತ್ತರಿಸಿದರೆ ಎರಡು ಪೂರ್ತಿ ಪುಸ್ತಕ, ಒಂದೊಂದೂ 210×148 ಮಿಲಿಮೀಟರ್. 16 ಪುಟದ ಕಥೆಗೆ ಎಂಟು ಎ4 ಹಾಳೆ, ಸಿಗುವ ಪ್ರತಿಗಳು ಎರಡು. ಗಿಡ್ಡ ಅಂಚು ಅಂತ ಒತ್ತಿದರೆ ಹಿಂದಿನ ಪುಟ ತಲೆಕೆಳಗಾಗುತ್ತದೆ. ಮೊದಲು ಒಂದೇ ಹಾಳೆ ತೆಗೆದು ನೋಡಿ, ಆಮೇಲೆ ಮಿಕ್ಕಿದ್ದು.

ಕಾಗದ 100 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಇರಲಿ. ಜೆರಾಕ್ಸ್ ಅಂಗಡಿಯ ಮಾಮೂಲಿ 70–75ರಲ್ಲಿ ಹಿಂದಿನ ಪುಟದ ಬಣ್ಣ ತೋರಿ, ಮಗುವಿಗೆ ಅಕ್ಷರ ಗುರುತಿಸುವುದು ಕಷ್ಟ. ಹೊದಿಕೆಗೆ 250 ಜಿಎಸ್‌ಎಂ. ಎಡ ಅಂಚಿನಿಂದ ಅರ್ಧ ಸೆಂಟಿಮೀಟರ್ ಒಳಗೆ ಮೂರು ಸ್ಟೇಪಲ್ ಹೊಡೆದು, ಅದರ ಮೇಲೆ ಬಟ್ಟೆಯ ಟೇಪನ್ನು ಮುಂದಿನಿಂದ ಹಿಂದಕ್ಕೆ ಸುತ್ತಿ ಅಂಟಿಸಿ. ಟೇಪ್ ಇಲ್ಲದಿದ್ದರೆ ಸ್ಟೇಪಲ್ಲಿನ ಮೊನೆ ಬೆರಳಿಗೆ ಚುಚ್ಚುತ್ತದೆ. ಬಣ್ಣದ ಲೇಸರ್ ಆದರೆ ಒದ್ದೆ ಕೈ ತಾಕಿದರೂ ಪರವಾಗಿಲ್ಲ, ಇಂಕ್‌ಜೆಟ್ ಆದರೆ ಹರಡುತ್ತದೆ.

ಹೊರನಾಡ ಗುಬ್ಬಿ

ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಐರ್ಲೆಂಡ್‌ನಲ್ಲಿ ಇರುವವರಿಗೆ ಒಂದು ವಿಷಯ. ಅಮೆರಿಕದ ಗಾಯಕಿ ಡಾಲಿ ಪಾರ್ಟನ್ ಅವರ ಇಮ್ಯಾಜಿನೇಷನ್ ಲೈಬ್ರರಿ ಹುಟ್ಟಿನಿಂದ ಐದು ವರ್ಷ ತುಂಬುವ ತನಕ ತಿಂಗಳಿಗೊಂದು ಪುಸ್ತಕವನ್ನು ಮಗುವಿನ ಹೆಸರಿಗೇ ಅಂಚೆಯಲ್ಲಿ ಕಳಿಸುತ್ತದೆ. ದುಡ್ಡಿಲ್ಲ. 1995ರಲ್ಲಿ ಟೆನೆಸಿಯ ಸೆವಿಯರ್ ಕೌಂಟಿಯಲ್ಲಿ ಶುರುವಾದದ್ದು. ಸ್ಥಳೀಯ ಸಂಸ್ಥೆ ಖರ್ಚು ವಹಿಸಿಕೊಂಡ ಪ್ರದೇಶದಲ್ಲಿ ಮಾತ್ರ ಸಿಗುತ್ತದೆ, ಹಾಗಾಗಿ ನಿಮ್ಮ ಪಿನ್‌ಕೋಡ್ ಹಾಕಿ ನೋಡಬೇಕು. ಕನ್ನಡ ಅಂತೂ ಬರುವುದಿಲ್ಲ. ಇಂಗ್ಲಿಷ್ ಪುಸ್ತಕಕ್ಕೆ ಪೆಟ್ಟಿಗೆ ಚಂದಾ ಕಟ್ಟುವ ಬದಲು ಇದನ್ನು ತೆಗೆದುಕೊಂಡು, ಉಳಿದ ದುಡ್ಡು ಕನ್ನಡಕ್ಕೆ ಹಾಕುವುದು ಜಾಣತನ.

ಕನ್ನಡ ಓದಲು ಬಾರದ ಜೀವನಸಂಗಾತಿ ಇರುವ ಮನೆಗೆ ಚೆನ್ನೈನ ತೂಲಿಕಾ ಪ್ರಕಾಶನದ ಕನ್ನಡ-ಇಂಗ್ಲಿಷ್ ದ್ವಿಭಾಷಾ ಪುಸ್ತಕ ಅನುಕೂಲ. ಒಂದೇ ಪುಟದಲ್ಲಿ ಎರಡೂ ಭಾಷೆ ಇರುತ್ತದೆ. ಆದರೆ ಸ್ವಂತ ಓದು ಕಲಿಯುವ ಮಗುವಿನ ಕಣ್ಣು ಸುಲಭ ಅನ್ನಿಸಿದ ಕಡೆಗೇ ಓಡುತ್ತದೆ. ಕನ್ನಡ ಓದಿಸುವಾಗ ಇಂಗ್ಲಿಷ್ ಸಾಲಿನ ಮೇಲೆ ಒಂದು ಕಾಗದದ ಪಟ್ಟಿ ಇಟ್ಟುಬಿಡಿ.

ಪೇಡೆ ಪ್ಯಾಟಿ

ಪುಸ್ತಕದಾಗಿನ ಕನ್ನಡ ಬ್ಯಾರೆ, ಮನಿ ಕನ್ನಡ ಬ್ಯಾರೆ ಇದ್ದಾಗ ಏನ್ ಮಾಡಬೇಕು ಅಂತ ನಮ್ಮ ಕಡೆ ಭಾಳ ಮಂದಿ ಕೇಳ್ತಾರ. "ಎಲ್ಲಿಗೆ ಹೋಗುತ್ತಿದ್ದೀಯಾ" ಅಂತ ಓದಿದ್ರ ಕೂಸು ಪಿಳಿಪಿಳಿ ನೋಡ್ತದ. ಮೊದಲ ಸಲ ಚಿತ್ರ ತೋರಿಸಿ ಮನಿ ಮಾತಿನ್ಯಾಗ ಕತಿ ಹೇಳ್ರಿ: "ಎಲ್ಲಿಗೆ ಹೊಂಟಿ?" ಎರಡನೇ ಸಲ ಇದ್ದದ್ದು ಇದ್ದಂಗ ಓದ್ರಿ. ಅರ್ಥ ಮೊದಲ ಗೊತ್ತಿರತದಲ್ಲ, ಗ್ರಂಥದ ಮಾತು ತಾನ ಕಿವೀಗೆ ಹತ್ತತದ. ಓದೂ ಮುಂದ ಸಾಲು ಬದಲಾಯಿಸಿ ಮನಿ ಮಾತಿಗೆ ತಿರುಗಿಸಿ ಓದಬ್ಯಾಡ್ರಿ. ಬೆರಳಿಟ್ಟು ಓದೋ ಕೂಸಿಗೆ ಕಂಡದ್ದೊಂದು, ಕೇಳಿದ್ದೊಂದು ಆಗ್ತದ.

ಅಕ್ಷರಬುತ್ತಿ

ತುಂಬಾ ಉಪಯೋಗವಾಯಿತು. ಹಾಗಾದರೆ ಬಾಡಿಗೆ ಪೆಟ್ಟಿಗೆ? ತಂದುಕೊಟ್ಟು, ಹದಿನೈದು ದಿನಕ್ಕೆ ವಾಪಸ್ ಒಯ್ದು, ಬೇರೆ ಕೊಡುವವರಿದ್ದಾರೆ.

ಕಪ್ಪುಹಲಗೆ

ನಾಲ್ಕೂವರೆಗೆ ಸರಿ, ಎರಡು ವರ್ಷದವರಿಗೆ ಬೇಡ. ಕಚ್ಚುವ, ಹರಿಯುವ ವಯಸ್ಸಿನಲ್ಲಿ ದಂಡವೇ ಪುಸ್ತಕದ ಬೆಲೆ ದಾಟುತ್ತದೆ. ಠೇವಣಿ ಎಷ್ಟು, ವಾಪಸ್ ಬರುವುದು ಎಷ್ಟು ದಿನಕ್ಕೆ, ಒಂದು ಪುಟ ಹರಿದರೆ ಪೂರ್ತಿ ಬೆಲೆಯೋ ಭಾಗವೋ, ಇಷ್ಟು ಕೇಳಿ. ಕನ್ನಡದ ಸಂಗ್ರಹ ಎಷ್ಟಿದೆ ಅನ್ನುವುದನ್ನು ಪಟ್ಟಿ ನೋಡಿಯೇ ತಿಳಿದುಕೊಳ್ಳಿ, ಹಲವು ಕಡೆ ಇಪ್ಪತ್ತು-ಮೂವತ್ತರಲ್ಲಿ ಮುಗಿದುಹೋಗುತ್ತದೆ.

ಹಾಗೆ ನೋಡಿದರೆ ದುಡ್ಡಿಲ್ಲದ ಬಾಡಿಗೆ ಪೆಟ್ಟಿಗೆ ಊರಲ್ಲೇ ಇದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ, ಈಗ ಅರಿವು ಕೇಂದ್ರ ಅಂತಾರಲ್ಲ, 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ನಿಮ್ಮ ಮಗಳಿಗೆ ಇನ್ನೂ ಆರು ಆಗಿಲ್ಲ, ಪೋಷಕರ ಹೆಸರಿನಲ್ಲಿ ಕಾರ್ಡ್ ಮಾಡಿಸಬಹುದೇ ಅಂತ ಗ್ರಂಥಪಾಲಕರನ್ನೇ ಕೇಳಿ. ಬೆಂಗಳೂರಿನಲ್ಲಿದ್ದರೆ ಕಬ್ಬನ್ ಪಾರ್ಕಿನ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯ ಇದೆ. ಕೊಳ್ಳುವ ಮೊದಲು ಒಂದು ಪುಸ್ತಕ ಮಗುವಿಗೆ ಹಿಡಿಸುತ್ತದಾ ಅಂತ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಅಕ್ಷರಬುತ್ತಿ

ಕೊನೆಯದು. ಒಂದು ಸಿದ್ಧ ಪೆಟ್ಟಿಗೆಯನ್ನು ಮೂರು ತಿಂಗಳು ನೋಡೋಣ ಅಂತಿದ್ದೇನೆ. ಮೂರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ ಸ್ವಲ್ಪ ರಿಯಾಯಿತಿ, ಇಲ್ಲದಿದ್ದರೆ ಯುಪಿಐ ಆಟೋಪೇ, ಅಂದರೆ ತಿಂಗಳು ತಿಂಗಳು ಖಾತೆಯಿಂದ ತಾನೇ ಕಡಿತ. ಯಾವುದು ವಾಸಿ?

ರಟ್ಟಿನ ಡಬ್ಬಿ

ಮೊದಲ ಸಲಕ್ಕೆ ಆಟೋಪೇ. ಒಟ್ಟಿಗೆ ಕಟ್ಟಿದ ದುಡ್ಡು ವಾಪಸ್ ಪಡೆಯಲು ಅವರ ಮರ್ಜಿ ಕಾಯಬೇಕು, ಆಟೋಪೇ ನಿಲ್ಲಿಸುವುದು ನಿಮ್ಮ ಕೈಯಲ್ಲೇ ಇರುತ್ತದೆ. ಒಪ್ಪಿಗೆ ಕೊಡುವಾಗ ತೆರೆಯ ಮೇಲೆ ಮೂರು ವಿಷಯ ಓದಿ: ಗರಿಷ್ಠ ಮೊತ್ತ, ಎಷ್ಟು ದಿನಕ್ಕೊಮ್ಮೆ, ಯಾವ ತಾರೀಖಿನ ತನಕ. ₹999ರ ಪೆಟ್ಟಿಗೆಗೆ ಗರಿಷ್ಠ ಮೊತ್ತ ₹5,000 ಅಂತ ಇದ್ದರೆ, ನಾಳೆ ಬೆಲೆ ಏರಿಸಿದರೂ ಕೇಳದೆ ಕಡಿತವಾಗುತ್ತದೆ. ₹15,000 ತನಕದ ಮರುಕಳಿಸುವ ಪಾವತಿಗೆ ಪ್ರತಿ ಸಲ ಒಟಿಪಿಯೋ ಪಿನ್ನೋ ಬೇಕಾಗಿಲ್ಲ ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು. ಬಂದಾಗ ಓದಿ, ಅಳಿಸಬೇಡಿ.

ನಿಲ್ಲಿಸಲು ಮಾರುವವರ ಆ್ಯಪ್ ತೆಗೆದುಹಾಕಿದರೆ ಪ್ರಯೋಜನವಿಲ್ಲ, ಒಪ್ಪಿಗೆ ಹಾಗೆಯೇ ಉಳಿಯುತ್ತದೆ. ನೀವು ಬಳಸುವ ಯುಪಿಐ ಆ್ಯಪಿನಲ್ಲಿ ಆಟೋಪೇ ಅಥವಾ ಮ್ಯಾಂಡೇಟ್ ಅನ್ನುವ ಕಡೆ ಹೋಗಿ, ಆ ಹೆಸರು ಒತ್ತಿ, ರದ್ದು ಮಾಡಿ ಪಿನ್ ಹಾಕಬೇಕು. ಮಾರುವವರಿಗೂ ಒಂದು ಇಮೇಲ್ ಹಾಕಿ. ಇಲ್ಲದಿದ್ದರೆ ಪೆಟ್ಟಿಗೆ ಕಳಿಸಿ, ಬಾಕಿ ಅಂತ ಫೋನ್ ಮಾಡುತ್ತಾರೆ.

ಪೇಡೆ ಪ್ಯಾಟಿ

ದೊಡ್ಡವರ ಪುಸ್ತಕ ಈ ಪೆಟ್ಟಿಗ್ಯಾಗ ಬ್ಯಾಡ ಅಂತ ಹೇಳ್ರಿ, ಅಷ್ಟು ರೊಕ್ಕ ಕಡಿಮಿ ಮಾಡ್ತಾರೇನು ಕೇಳ್ರಿ. ನವೆಂಬರದಾಗ ರಾಜ್ಯೋತ್ಸವಕ್ಕ ಕನ್ನಡ ಪುಸ್ತಕ ಪ್ರಾಧಿಕಾರದವರು, ಉಳದ ಪ್ರಕಾಶಕರು ರಿಯಾಯಿತಿ ಇಡ್ತಾರ. ವರ್ಷದ ಆರು ಪುಸ್ತಕ ಆವಾಗ ಒಮ್ಮೆಲೆ ತಗೊಂಡ್ರ ಆತು.